ಪಾದರಕ್ಷಾ ಸ್ಥಾನನಿರ್ಣಯ: ರಾಮನಗರ ಸೀಮೆಯ ಹೊಸಿಲುಗಳನ್ನು ಕುರಿತ ಒಂದು ವಿಚಾರ

ಕಾಲಿನಿಂದ ಕಳಚಿದ ಚಪ್ಪಲಿಯು ಮತ್ತೆ ಕಾಲಿಗೇರುವವರೆಗೆ ಎಲ್ಲಿರತಕ್ಕದ್ದು ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ಪಾದರಕ್ಷಾ ಸ್ಥಾನನಿರ್ಣಯವೆಂದು ಹೆಸರು. ಇದರ ಪೂರ್ವಪಕ್ಷವನ್ನು, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಎತ್ತಿಕೊಳ್ಳುವ ವಾದವನ್ನು, ಪೀಠೋಪಕರಣದ ಅಂಗಡಿಯವರು ಒದಗಿಸಿದ್ದಾರೆ: ಬಾಗಿಲ ಪಕ್ಕದಲ್ಲಿ ಅಂದವಾದ ಶೂ ರ‍್ಯಾಕ್ ಒಂದಿದ್ದರೆ ಚಪ್ಪಲಿಗಳು ತಾವಾಗಿಯೇ ಅದರೊಳಕ್ಕೆ ಸೇರುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹೊಸಿಲುಗಳು ಈ ವಾದಕ್ಕೆ ಸಾಕ್ಷಿ ನುಡಿಯುವುದಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ ಈ ಸೀಮೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆಯಿತಾದರೂ, ಎರಡು ನಾಮಕರಣಗಳ ಗದ್ದಲದಲ್ಲಿಯೂ ಚಪ್ಪಲಿಗಳು ಬಾಗಿಲ ಮುಂದಿನ ತಮ್ಮ ಜಾಗ ಬಿಟ್ಟು ಕದಲಲಿಲ್ಲ.

ಪಾದರಕ್ಷೆಯನ್ನು ಅಂದವಾಗಿ ಇರಿಸಿದ ಹಳೆಯ ಉದಾಹರಣೆ ರಾಮಾಯಣದ್ದು. ಭರತನು ರಾಮನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು 14 ವರ್ಷ ರಾಜ್ಯವಾಳಿದನು. ಆ ಅವಧಿಯಲ್ಲಿ ಒಂದು ಪಾದುಕೆ ಮಾತ್ರ ಮಂಚದ ಕೆಳಗೆ ಸಿಕ್ಕಿತೆಂದು ಯಾವ ಋಷಿಯೂ ಹೇಳಿಲ್ಲ. ರಾಮದೇವರ ಬೆಟ್ಟದ ಪಟ್ಟಾಭಿರಾಮನ ನೆರಳಿನಲ್ಲಿಯೇ ಬಾಳುವ ರಾಮನಗರದವರಿಗೆ ಈ ಪರಂಪರೆ ದಾಟಿ ಬಾರದಿರುವುದು ಸಂಶೋಧನಾರ್ಹ ಸಂಗತಿ.

ಹಾಗಾದರೆ ಕೊಂಡು ತಂದ ರ‍್ಯಾಕಿನೊಳಗೆ ಇರುವುದೇನು? ಮೇಲಿನ ಅಂತಸ್ತಿನಲ್ಲಿ ಹೆಲ್ಮೆಟ್ಟು, ಕಟ್ಟಿದ ಮತ್ತು ಕಟ್ಟದ ಕರೆಂಟ್ ಬಿಲ್ಲುಗಳು, ಯಾವ ಬೀಗದ್ದೆಂದು ತಿಳಿಯದ ಕೀಲಿಕೈ. ನಡುವೆ ಮದುವೆಯ ದಿನ ಹಾಕಿ, ಹಿಮ್ಮಡಿ ತರಚಿದ್ದರಿಂದ ಮತ್ತೆ ಹಾಕದ ಬೂಟು. ಕೆಳಗೆ ನಾಯಿ ಕಚ್ಚಿಕೊಂಡು ಹೋದ ಚಪ್ಪಲಿಯ ಜೊತೆಗಾರ, ಎಂದಾದರೂ ಜೋಡಿ ಸಿಕ್ಕೀತೆಂಬ ನಿರೀಕ್ಷೆಯಲ್ಲಿ. ದಿನನಿತ್ಯ ಮೆಟ್ಟುವ ಚಪ್ಪಲಿಗಳು ರ‍್ಯಾಕಿನ ಮುಂದೆ ಗುಡ್ಡೆ ಬಿದ್ದಿರುವುದರಿಂದ ಅದರ ಬಾಗಿಲು ತೆರೆಯುವುದಿಲ್ಲ, ತೆರೆಯದ ಕಾರಣ ಅವು ಒಳಗೆ ಹೋಗುವುದಿಲ್ಲ. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆಂಬ, ಒಂದಕ್ಕೊಂದು ಜೋತುಬಿದ್ದು ಎರಡೂ ನಿಲ್ಲದ ದೋಷವೆಂದು ಗುರುತಿಸುತ್ತಾರೆ.

ಬೊಂಬೆಗಳ ಊರಾದ ಚನ್ನಪಟ್ಟಣ ಇದಕ್ಕೆ ಪರಿಹಾರ ಒದಗಿಸಬಹುದಿತ್ತೆಂದು ವಾದಿಸುವವರು ಅಲ್ಲಿಯ ಕಸುಬಿನ ಮರ್ಮವನ್ನರಿಯರು. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ. ಆದಕಾರಣ ದುಂಡಗಿರುವುದಕ್ಕೆ ಮಾತ್ರ ಆ ಹೊಳಪಿನ ಭಾಗ್ಯ, ಚಪ್ಪಟೆ ಹಲಗೆಗೆ ಇಲ್ಲ. ಚನ್ನಪಟ್ಟಣದ ಶೈಲಿ ರ‍್ಯಾಕಿನ ಹಿಡಿಗುಬುಟಿಗೂ ನಾಲ್ಕು ಕಾಲುಗಳಿಗೂ ಸಲ್ಲುತ್ತದೆ, ಚಪ್ಪಲಿ ಇಡುವ ಜಾಗಕ್ಕೆ ಸಲ್ಲುವುದಿಲ್ಲ. ಕನಕಪುರದ ಕಡೆ ಜಗಲಿಯ ಪಕ್ಕ ಕಲ್ಲುಚಪ್ಪಡಿ ಹಾಸಿ ಅದರ ಕೆಳಗೆ ಚಪ್ಪಲಿ ತಳ್ಳುವುದುಂಟು. ಬೆಳಿಗ್ಗೆ ಚೇಳಿಗಾಗಿ ಕೊಡವಿ ಮೆಟ್ಟುವುದು ಈ ಪದ್ಧತಿಯ ಅಂಗ. ಮಾಗಡಿಯ ಕಲ್ಯಾಣಮಂಟಪಗಳಲ್ಲಿ ಸಂಗ್ರಹಣೆಗಿಂತ ವಿನಿಮಯವೇ ಪ್ರಧಾನವಾದುದರಿಂದ ಅದು ಅರ್ಥಶಾಸ್ತ್ರದ ವಿಷಯ.

ಆದರೆ ಪಾದರಕ್ಷಾ ಶಿಸ್ತು ಈ ಸೀಮೆಯಲ್ಲಿ ಇಲ್ಲವೇ ಇಲ್ಲವೆನ್ನುವುದು ತಪ್ಪು, ಅದು ಹುಳುಮನೆಯಲ್ಲಿದೆ. ಏಷ್ಯಾದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಯೆಂದು ಹೆಸರಾದ ರಾಮನಗರಕ್ಕೆ ಗೂಡು ತರುವ ರೈತನು ರೇಷ್ಮೆಹುಳು ಸಾಕುವ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆದ ಗೋಣಿತಾಟನ್ನು ತುಳಿದು, ಒಳಗಿನ ಬಳಕೆಗೆಂದೇ ಇಟ್ಟ ಬೇರೆ ಚಪ್ಪಲಿ ಮೆಟ್ಟಿ ಪ್ರವೇಶಿಸುತ್ತಾನೆ. ಹಾಲುರೋಗವೋ ಸುಣ್ಣಕಟ್ಟೋ ಕಾಲಧೂಳಿನೊಡನೆ ಒಳಬಂದರೆ ಇಡೀ ಬೆಳೆ ಹೋದೀತೆಂಬ ಭಯ ಇದಕ್ಕೆ ಕಾರಣ. ಹುಳು ಜ್ವರಕ್ಕೆ ಕೂತಾಗಲಂತೂ, ಅಂದರೆ ಪೊರೆ ಕಳಚಲು ಸೊಪ್ಪು ಬಿಟ್ಟು ತಲೆಯೆತ್ತಿ ನಿಶ್ಚಲವಾದಾಗ, ನೆಂಟರಿಗೂ ಒಳಗೆ ಬಿಡುವುದಿಲ್ಲ. ಅದೇ ರೈತನ ಮನೆಯಲ್ಲಿ ಮಗನಿಗೆ ನಿಜವಾದ ಜ್ವರ ಬಂದಾಗ ನೋಡಲು ಬಂದವರ ಚಪ್ಪಲಿ ನಡುಮನೆಯವರೆಗೂ ಬರುತ್ತದೆ.

ಇದರಿಂದ ಹೊರಡುವ ಸಿದ್ಧಾಂತವೇನೆಂದರೆ, ಪ್ರತಿ ಮನೆಯ ಬಾಗಿಲಲ್ಲಿ ರ‍್ಯಾಕಿನ ಬದಲು ಒಂದು ತಟ್ಟೆ ಹುಳುವನ್ನು ಇರಿಸತಕ್ಕದ್ದು. ಇದಕ್ಕೆ ಆಕ್ಷೇಪ ಒಂದೇ ಒಂದು: ಹುಳುವಿಗೆ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೇಕು, ಆ ಸೊಪ್ಪಿನ ಹೊರೆ ಹೊತ್ತವನಿಗೆ ಬಗ್ಗಿ ಚಪ್ಪಲಿ ಬಿಚ್ಚಲು ಆಗುವುದಿಲ್ಲ.