ಆಜ್ಞಾಪಂಕ್ತಿವಾದ ಮತ್ತು ಸಂಕೇತಗರ್ಭವಾದ: ಒಂದು ತೌಲನಿಕ ಅಧ್ಯಯನ

ಪ್ರಸ್ತುತ ಪ್ರಬಂಧದ ಉದ್ದೇಶ, ವ್ಯಾಪ್ತಿ ಹಾಗೂ ಮಿತಿಗಳನ್ನು ಮೊದಲಿಗೆ ನಿರೂಪಿಸತಕ್ಕದ್ದು. ಉದ್ದೇಶ: ಲೆಕ್ಕ ಮಾಡುವ ತಂತ್ರಾಂಶಕ್ಕೆ ‘ಹೀಗೆ ಮಾಡು’ ಎಂದು ಹೇಳತಕ್ಕ ಸ್ಥಾನ ಯಾವುದೆಂಬ ಜಿಜ್ಞಾಸೆಯ ಬಹುಆಯಾಮಿ ಅನುಸಂಧಾನ. ವ್ಯಾಪ್ತಿ: ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1990ರ ದಶಕದ ಆರಂಭದಿಂದ ಬೆಳೆದ, ದೈತ್ಯ ಸಮೀಕರಣ ವ್ಯೂಹಗಳನ್ನು ಬಿಡಿಸುವ ಪೆಟ್ಸಿ ಎಂಬ ಲೈಬ್ರರಿ. ಮಿತಿ: ಲೇಖಕನ ತಾಳ್ಮೆ.

ಈ ಕ್ಷೇತ್ರದಲ್ಲಿ ಮುಖ್ಯವಾಗಿ ಹತ್ತು ಪಂಥಗಳನ್ನು ಗುರುತಿಸಬಹುದಾಗಿದೆ.

ಮೊದಲನೆಯವರು ಸಂಕೇತಗರ್ಭವಾದಿಗಳು. ಸಕಲ ನಿರ್ಧಾರಗಳೂ ಕೋಡಿನ ಗರ್ಭದಲ್ಲೇ ನೆಲೆಸತಕ್ಕವೆಂಬುದು ಇವರ ಸಿದ್ಧಾಂತ. ಒಂದು ಸೊನ್ನೆ ಬದಲಾಯಿಸಲೂ ಮರಳಿ ಕಂಪೈಲ್ ಮಾಡಿ, ಅಷ್ಟರಲ್ಲಿ ಕಾಫಿ ಕುಡಿದು ಬರುವುದು ಇವರ ನಿತ್ಯಾನುಷ್ಠಾನ. ಎರಡನೆಯವರು ಆಜ್ಞಾಪಂಕ್ತಿವಾದಿಗಳು. ಕೋಡು ನಿರ್ಗುಣ, ಗುಣಗಳೆಲ್ಲ ಕಮಾಂಡ್ ಲೈನಿನಿಂದ ಆರೋಪಿತ ಎನ್ನುವವರು. ‘-ಕೆಎಸ್‌ಪಿ_ಟೈಪ್’ ಎಂದು ಬಿಡಿಸುವ ವಿಧಾನವನ್ನು ಆರಿಸುತ್ತ ಶುರುವಾದ ಇವರ ಆಜ್ಞೆ ಟರ್ಮಿನಲ್ಲಿನ ಆರನೇ ಸಾಲಿಗೆ ಹೋಗಿ ನಿಲ್ಲುತ್ತದೆ. ಮೂರನೆಯವರು ಕಡತವಾದಿಗಳು. ಇವರಲ್ಲಿ ಎಕ್ಸ್‌ಎಂಎಲ್ ಶಾಖೆ, ಜೇಸನ್ ಶಾಖೆ, ಫೋರ್ಟ್ರಾನ್ ನೇಮ್‌ಲಿಸ್ಟ್‌ನ ವೃದ್ಧ ಶಾಖೆ... ಉಳಿದ ಏಳು ಪಂಥಗಳು ಇದ್ದೇ ಇವೆ, ಇರಲಿ ಬಿಡಿ.

ಇನ್ನು ಬಲಾಬಲ ವಿಚಾರ. ಪೆಟ್ಸಿ ತನ್ನ ಆಯ್ಕೆಗಳನ್ನು ಹೋಮ್ ಡೈರೆಕ್ಟರಿಯಲ್ಲಿ ಅಡಗಿರುವ ಕಡತದಿಂದಲೂ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದಲೂ, ಕಮಾಂಡ್ ಲೈನಿನಿಂದಲೂ ಸ್ವೀಕರಿಸುತ್ತದೆ. ಜಗಳ ಬಂದರೆ ಕಮಾಂಡ್ ಲೈನಿಗೇ ಜಯ. ಆದರೆ ಈ ಆಯ್ಕೆಗಳು ಸಮೀಕರಣ ಬಿಡಿಸುವ ಸಾಲ್ವರ್‌ನ ಕಿವಿಗೆ ಬೀಳುವುದು ಕೋಡಿನಲ್ಲಿ ‘ಸೆಟ್‌ಫ್ರಮ್‌ಆಪ್ಷನ್ಸ್’ ಎಂದು ಕರೆದ ಜಾಗದಲ್ಲಿ ಮಾತ್ರ. ಅದಕ್ಕಿಂತ ಮೊದಲು ಕೋಡಿನಲ್ಲಿ ಬರೆದದ್ದನ್ನು ಕಮಾಂಡ್ ಲೈನ್ ಅಳಿಸಬಲ್ಲದು. ಅದರ ನಂತರ ಬರೆದದ್ದು ಕಮಾಂಡ್ ಲೈನನ್ನೇ ಅಳಿಸುತ್ತದೆ. ಎರಡು ಸೂತ್ರಗಳು ಡಿಕ್ಕಿ ಹೊಡೆದರೆ ನಂತರದ್ದೇ ಗೆಲ್ಲುತ್ತದೆಂದು ಪಾಣಿನಿ ವಿಧಿಸಿದ್ದ. ಅವನ ಸೂತ್ರಗಳಿಗಾದರೂ ಎಲ್ಲರಿಗೂ ಗೊತ್ತಿರುವ ಒಂದು ಕ್ರಮವಿತ್ತು. ಇಲ್ಲಿ ಯಾವ ಸಾಲು ಎಲ್ಲಿದೆ ಎಂಬುದು ಬರೆದ ಪುಣ್ಯಾತ್ಮನಿಗೆ ಮಾತ್ರ ಗೊತ್ತು.

ಇಲ್ಲಿ ಒಂದು ನಿದರ್ಶನ ಅವಶ್ಯ. ಸೀನಿಯರ್ ಬಿಟ್ಟುಹೋದ ಕೋಡಿನಲ್ಲಿ ಜಿಎಂರೆಸ್ ಮತ್ತು ಬೈಸಿಜಿಸ್ಟ್ಯಾಬ್ ಎಂಬ ಎರಡು ಸಾಲ್ವರ್ ವಿಧಾನಗಳನ್ನು ಹೋಲಿಸುತ್ತಿರುವ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಆಜ್ಞೆ ಬದಲಾಯಿಸಿ ಎರಡೂ ಸಲ ಓಡಿಸುತ್ತಾಳೆ. ಗ್ರಾಫಿನ ಎರಡು ಗೆರೆಗಳೂ ಒಂದರ ಮೇಲೊಂದು ಕೂರುತ್ತವೆ. ಏಕೆಂದರೆ ‘ಸೆಟ್‌ಫ್ರಮ್‌ಆಪ್ಷನ್ಸ್’ ಕರೆಯ ಕೆಳಗೆ, ಯಾವುದೋ ಅವಸರದ ರಾತ್ರಿ, ಸೀನಿಯರ್ ‘ಜಿಎಂರೆಸ್’ ಎಂದು ಗಟ್ಟಿಯಾಗಿ ಬರೆದಿಟ್ಟಿದ್ದಾನೆ. ಯಾರೂ ಓದದ ಆಯ್ಕೆಗಳನ್ನು ಕೊನೆಯಲ್ಲಿ ತೋರಿಸುವ ‘-ಆಪ್ಷನ್ಸ್_ಲೆಫ್ಟ್’ ಕೂಡ ಬಾಯಿ ಬಿಡುವುದಿಲ್ಲ. ಅವಳ ಆಯ್ಕೆಯನ್ನು ಓದಿಯಾಗಿದೆ, ಓದಿದ ಮೇಲೆ ತುಳಿದದ್ದು. ಗೈಡ್ ಮಹಾಶಯರು ಎರಡು ಗೆರೆಗಳನ್ನು ನೋಡಿ, ‘ವಿಧಾನ ಯಾವುದಾದರೂ ವ್ಯತ್ಯಾಸವಿಲ್ಲ ಎಂಬುದೇ ಒಂದು ಫಲಿತಾಂಶವಮ್ಮ, ಬರೆದುಬಿಡು’ ಎನ್ನುತ್ತಾರೆ.

ಪ್ರಬಂಧಕಾರನು ಇಲ್ಲಿ ತನ್ನ ತಟಸ್ಥ ನಿಲುವನ್ನು ಕಾಯ್ದುಕೊಳ್ಳತಕ್ಕದ್ದು. ಆಗುವುದಿಲ್ಲ. ‘-ಕೆಎಸ್‌ಪಿ_ವ್ಯೂ’ ಎಂದು ಸೇರಿಸಿದ್ದರೆ ನಿಜಕ್ಕೂ ಓಡಿದ ಸಾಲ್ವರ್ ಯಾವುದು, ಅದರ ಸಹನಮಿತಿ ಎಷ್ಟು ಎಂಬುದೆಲ್ಲ ಪರದೆಯ ಮೇಲೆ ಬಂದು ಬೀಳುತ್ತಿತ್ತು. ಅದನ್ನು ಆ ಹುಡುಗಿಗೆ ಹೇಳಿಕೊಡುವವರು ಯಾರು? ಸೆಮಿನಾರಿನಲ್ಲಿ ಎರಡು ಪಂಥಗಳ ಹಿರಿಯರೂ ತಾಸುಗಟ್ಟಲೆ ವಾಗ್ವಾದ ಮಾಡುತ್ತಾರೆ: ಕೋಡು ಸ್ವಚ್ಛವಾಗಿರಬೇಕು, ಇಲ್ಲ, ಆಜ್ಞೆ ಸ್ವತಂತ್ರವಾಗಿರಬೇಕು. ಅದೇ ಹಿರಿಯರ ಪ್ರಬಂಧ ತೆರೆದರೆ ‘ಪೆಟ್ಸಿ ಬಳಸಲಾಯಿತು’ ಎಂಬ ಒಂದು ವಾಕ್ಯವಿರುತ್ತದೆ. ಯಾವ ಆವೃತ್ತಿ, ಯಾವ ಆಯ್ಕೆಗಳು, ಯಾವ ಆಜ್ಞೆ, ಒಂದೂ ಇಲ್ಲ. ಆ ಪ್ರಬಂಧದ ನಾಲ್ಕನೇ ಚಿತ್ರವನ್ನು ಹುಟ್ಟಿಸಿದ ಆರು ಸಾಲಿನ ಆಜ್ಞೆ ಸೀನಿಯರ್‌ನ ಶೆಲ್ ಹಿಸ್ಟರಿಯಲ್ಲಿತ್ತು. ಅವನು ಕಂಪನಿ ಸೇರಿದ, ಅವನ ಅಕೌಂಟನ್ನು ಅಳಿಸಿದರು. ಈಗ ಸರ್ವರಿನಲ್ಲಿ ಉಳಿದಿರುವುದು ‘ರನ್_ಫೈನಲ್’, ‘ರನ್_ಫೈನಲ್2’, ‘ರನ್_ಫೈನಲ್_ನಿಜವಾದದ್ದು’. ಮೂರನ್ನೂ ಓಡಿಸಿ ನೋಡಿದರೂ ನಾಲ್ಕನೇ ಚಿತ್ರ ಬರುತ್ತಿಲ್ಲ.