ಆತ್ಮನಿರ್ಭರ ಟೈರು

ಮಗುವಿನ ಹೋಂವರ್ಕಿಗೆ ಟ್ಯೂಷನ್ನು, ನಾಯಿಯ ವಾಕಿಂಗಿಗೆ ಹುಡುಗ, ಎರಡು ಕಟ್ಟು ಕೊತ್ತಂಬರಿ ಸೊಪ್ಪಿಗೆ ಹತ್ತು ನಿಮಿಷದ ಡೆಲಿವರಿ. ಬದುಕಿನ ಸಕಲವನ್ನೂ ಹೀಗೆ ಪರರ ಕೈಗೊಪ್ಪಿಸಿ ನೆಮ್ಮದಿಯಾಗಿರುವ ಬೆಂಗಳೂರಿನ ಗೃಹಸ್ಥನಿಗೆ ಕಾರಿನ ಟೈರು ಸವೆದ ದಿನ ಮಾತ್ರ ಇದ್ದಕ್ಕಿದ್ದಂತೆ ಗಾಂಧೀಜಿ ನೆನಪಾಗುತ್ತಾರೆ. ಸ್ವಾವಲಂಬನೆ ಮೈಮೇಲೆ ಬರುತ್ತದೆ. ‘ಆನ್‌ಲೈನಲ್ಲಿ ನಾಲ್ಕು ಟೈರು ತರಿಸಿದೀನಿ, ನಾನೇ ಹಾಕ್ಕೊಳ್ತೀನಿ’ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾನೆ. ಸಿಕ್ಕವರು ತಮ್ಮ ಮಹಡಿ ಬರುವ ತನಕ ತಲೆದೂಗುತ್ತಾರೆ.

ಇದು ಸ್ಟೆಪ್ನಿ ಬದಲಾಯಿಸುವ ಮಾತಲ್ಲ. ಅದು ಲೈಸೆನ್ಸ್ ಇರುವ ಪ್ರತಿಯೊಬ್ಬರಿಗೂ ಬರಬೇಕಾದ ಕೆಲಸ. ಬಾರದವರು ಹೆದ್ದಾರಿ ಬದಿಯಲ್ಲಿ ಡಿಕ್ಕಿ ತೆರೆದಿಟ್ಟು, ಜಾಕಿ ಎಲ್ಲಿರುತ್ತದೆಂದು ಭಾವಮೈದುನನಿಗೆ ಫೋನು ಮಾಡುತ್ತ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ನಾನು ಹೇಳುತ್ತಿರುವುದು ಚಕ್ರ ಬಿಚ್ಚಿದ ಮೇಲಿನ ಕಥೆ: ರಿಮ್ಮಿನಿಂದ ಹಳೇ ಟೈರು ಕಿತ್ತು ಹೊಸದನ್ನು ಕೂರಿಸುವ ಕುಸ್ತಿ.

ಮೊದಲು ಉಳಿತಾಯದ ಲೆಕ್ಕ. ಟೈರು ಹಾಕಿಕೊಡಲು ಅಂಗಡಿಯವನು ಚಕ್ರಕ್ಕೆ ನೂರೋ ಇನ್ನೂರೋ ಕೇಳುತ್ತಾನೆ. ಅವನಲ್ಲೇ ಟೈರು ಕೊಂಡರೆ ಎಷ್ಟೋ ಕಡೆ ಅದೂ ಇಲ್ಲ. ಈ ಹಗಲುದರೋಡೆಯಿಂದ ಪಾರಾಗಲು ನಮ್ಮ ಗೃಹಸ್ಥ ತರಿಸುವುದು ಇಷ್ಟು: ಎರಡು ಟನ್ನಿನ ಜಾಕಿ, ಟಾರ್ಕ್ ರೆಂಚು, ಮೂರು ಟೈರ್ ಲಿವರು, ರಬ್ಬರ್ ಸುತ್ತಿಗೆ, 12 ವೋಲ್ಟಿನ ಗಾಳಿ ಪಂಪು, ಹಣೆಗೆ ಕಟ್ಟುವ ಟಾರ್ಚು, ಮೊಣಕಾಲಿಗೆ ಪ್ಯಾಡು. ಬಿಲ್ಲಿನ ಮೊತ್ತ ಹೆಂಡತಿಗೆ ತಿಳಿಯದಂತೆ ಬೇರೆ ಕ್ರೆಡಿಟ್ ಕಾರ್ಡು. ‘ಒಂದ್ಸಲದ ಖರ್ಚು ಕಣ್ರೀ, ಜೀವಮಾನ ಪೂರ್ತಿ ಬರುತ್ತೆ’ ಎನ್ನುತ್ತಾನೆ. ಬಂದೇ ಬರುತ್ತದೆ. ಬಾಲ್ಕನಿಯಲ್ಲಿ, ಹೋದ ವರ್ಷದ ಟ್ರೆಡ್‌ಮಿಲ್ಲಿನ ಪಕ್ಕದಲ್ಲಿ.

ಇನ್ನು ವಿದ್ಯೆ. ಅದು ಯೂಟ್ಯೂಬಿನಲ್ಲಿದೆ. ಅಲ್ಲಿ ಅಮೆರಿಕದ ಧಾಂಡಿಗನೊಬ್ಬ ನಮ್ಮ ತ್ರೀ ಬಿಎಚ್‌ಕೆಗಿಂತ ದೊಡ್ಡದಾದ ಗ್ಯಾರೇಜಿನಲ್ಲಿ ನಿಂತು, ಅಂಗಿಗೆ ಒಂದು ಕಲೆಯೂ ತಾಗದಂತೆ ಟೈರು ಕಿತ್ತು ತೋರಿಸುತ್ತಾನೆ. ಇನ್ನೊಂದು ವಿಡಿಯೋದಲ್ಲಿ ಹಿಮದ ನಡುವೆ ಸಿಕ್ಕಿಬಿದ್ದ ಜೀಪಿನ ಟೈರಿನೊಳಗೆ ಉರಿಯುವ ಸ್ಪ್ರೇ ಹೊಡೆದು ಕಡ್ಡಿ ಗೀರುತ್ತಾರೆ. ಢಂ ಎಂದು ಟೈರು ರಿಮ್ಮಿಗೆ ಕಚ್ಚಿಕೊಳ್ಳುತ್ತದೆ. ಜನವಸತಿಯಿಲ್ಲದ ಬಯಲಿನ ಈ ಮದ್ದನ್ನು ಎಪ್ಪತ್ತು ಕಾರು ನಿಂತ ಬೇಸ್‌ಮೆಂಟಿನಲ್ಲಿ ಪ್ರಯೋಗಿಸುವ ಉತ್ಸಾಹಿಗಳಿಗೆ ನನ್ನದೊಂದೇ ವಿನಂತಿ, ನಿಮ್ಮ ಅಪಾರ್ಟ್‌ಮೆಂಟಿನ ವಿಳಾಸ ಮೊದಲೇ ತಿಳಿಸಿಬಿಡಿ.

ವಿಡಿಯೋದಲ್ಲಿ ಕಾಣದ್ದು ಒಂದಿದೆ. ಟೈರಿನ ಒಳ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. ಮುಟ್ಟಿದರೆ ರಬ್ಬರಿನಂತೆ ಕಂಡರೂ ಒಂದಿಷ್ಟೂ ಹಿಗ್ಗುವುದಿಲ್ಲ. ಹಿಗ್ಗದ ಬಳೆಯನ್ನು ತನಗಿಂತ ಅಗಲವಾದ ರಿಮ್ಮಿನ ಅಂಚು ದಾಟಿಸುವುದು ಹೇಗೆ? ಇಡೀ ಕಸುಬು ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. ಒಂದು ಕಡೆಯ ಬೀಡನ್ನು ಆ ತಗ್ಗಿಗೆ ಇಳಿಸಿದರೆ ಮಾತ್ರ ಎದುರು ಕಡೆ ಬೆರಳೆರಡು ಸಡಿಲ ಸಿಗುತ್ತದೆ, ಲಿವರಿಗೆ ದಾರಿಯಾಗುತ್ತದೆ. ಕೇರಳದಿಂದ ಬಂದು ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟ ಕಾಕಾ ಮೆಷಿನ್ನಿಲ್ಲದೆ ಲಿವರಿನಲ್ಲಿ ಟೈರು ಹಾಕುವುದನ್ನು ಒಮ್ಮೆ ಗಮನಿಸಿ. ಅವರ ಕೈಯನ್ನಲ್ಲ, ಮೊಣಕಾಲನ್ನು. ಸೋಪಿನ ನೀರು ಬಳಿದು, ಒಂದು ಮೊಣಕಾಲು ಒತ್ತಿ ಬೀಡನ್ನು ತಗ್ಗಿನಲ್ಲೇ ಹಿಡಿದಿಟ್ಟು, ಎದುರಿನಿಂದ ಎರಡು ಲಿವರಿನಲ್ಲಿ ಅಂಗೈಯಗಲದಷ್ಟೇ ಎಬ್ಬಿಸುತ್ತ ಬರುತ್ತಾರೆ. ಬಾಯಲ್ಲಿ ಬೇರೆ ಯಾರ ಜೊತೆಗೋ ಮಾತು. ನಮ್ಮ ಗೃಹಸ್ಥ ಮೊಣಕಾಲಿಗೆ ಪ್ಯಾಡು ಕಟ್ಟಿರುತ್ತಾನೆ, ಅದನ್ನು ಎಲ್ಲಿ ಊರಬೇಕೆಂದು ಗೊತ್ತಿರುವುದಿಲ್ಲ. ಲಿವರಿಗೆ ನೇತುಬೀಳುತ್ತಾನೆ. ಲಿವರು ಚಿಮ್ಮುತ್ತದೆ. ಅಲಾಯ್ ರಿಮ್ಮಿನ ಮೇಲೆ ಉದ್ದನೆಯ ಗೀರು, ಗದ್ದಕ್ಕೆ ಗಿಡ್ಡನೆಯ ಗಾಯ.

ಚರಿತ್ರೆಯದ್ದೂ ಇಲ್ಲೊಂದು ಗೇಲಿಯಿದೆ. 1889ರಲ್ಲಿ ಫ್ರಾನ್ಸಿನ ಮಿಶೆಲಿನ್ ಸೋದರರ ಕಾರ್ಖಾನೆಗೆ ಸೈಕಲ್ ಸವಾರನೊಬ್ಬ ಪಂಕ್ಚರಾದ ಚಕ್ರ ಹಿಡಿದು ಬಂದ. ಆಗ ಟೈರನ್ನು ರಿಮ್ಮಿಗೆ ಅಂಟು ಹಾಕಿ ಅಂಟಿಸುತ್ತಿದ್ದರು. ಬಿಡಿಸಿ ರಿಪೇರಿ ಮಾಡಲು ಮೂರು ಗಂಟೆ ಹಿಡಿಯಿತು, ಅಂಟು ಒಣಗಲು ಒಂದು ರಾತ್ರಿ. ಈ ಗೋಳೇ ಬೇಡವೆಂದು 1891ರಲ್ಲಿ ಅವರು ಬಿಚ್ಚಿ ಹಾಕಬಹುದಾದ ಟೈರಿಗೆ ಪೇಟೆಂಟ್ ಪಡೆದರು. ಅದೇ ವರ್ಷ ಆ ಟೈರು ಕಟ್ಟಿಕೊಂಡು ಷಾರ್ಲ್ ತೆರೋಂ ಎಂಬಾತ ಸುಮಾರು 1,200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ರೇಸನ್ನೇ ಗೆದ್ದ. ಮೂರು ಗಂಟೆ ಮತ್ತು ಒಂದು ರಾತ್ರಿಯಿಂದ ಮನುಕುಲವನ್ನು ಬಿಡುಗಡೆ ಮಾಡಿದವರು ಅವರು. ನಮ್ಮ ಬೇಸ್‌ಮೆಂಟಿನ ಸಾಹಸಿ ಶನಿವಾರ ಬೆಳಿಗ್ಗೆ ಕೂತವನು ಭಾನುವಾರ ಸಂಜೆಯ ಹೊತ್ತಿಗೆ 1889ನ್ನೂ ಹಿಂದಿಕ್ಕಿರುತ್ತಾನೆ.

ಗಾಳಿಯ ಪ್ರಕರಣ ಇನ್ನೂ ಇದೆ. ಟ್ಯೂಬ್‌ಲೆಸ್ ಟೈರಿನ ಬೀಡು ರಿಮ್ಮಿಗೆ ಅಂಟಿ ಕೂರಬೇಕಾದರೆ ಗಾಳಿ ಒಮ್ಮೆಗೇ ರಭಸದಿಂದ ನುಗ್ಗಬೇಕು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದ ಪಂಪು ಗೊರಗೊರ ಎನ್ನುತ್ತ ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ಬುಸ್ಸೆಂದು ಹೊರಬೀಳುತ್ತಿರುತ್ತದೆ. ಹಲವು ಟೈರುಗಳ ಪಕ್ಕೆಯಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಬೀಡು ಕೂರಿಸುವಾಗ 40 ಪಿಎಸ್ಐ ಮೀರಬೇಡಿ, ತರಬೇತಾದವರಷ್ಟೇ ಟೈರು ಜೋಡಿಸಲಿ ಎಂದು. ಓದುವ ತಾಳ್ಮೆ ಯಾರಿಗಿದೆ? ಅದೇ ಪಕ್ಕೆಯಲ್ಲಿರುವ ತಯಾರಿಕೆಯ ಕೋಡಿನ ಕೊನೆಯ ನಾಲ್ಕು ಅಂಕಿಯನ್ನೂ ಅವನು ಓದಿರುವುದಿಲ್ಲ. 0922 ಎಂದಿದ್ದರೆ 2022ರ ಒಂಬತ್ತನೇ ವಾರದ ಮಾಲು. ಭಾರೀ ರಿಯಾಯಿತಿಯಲ್ಲಿ ಸಿಕ್ಕಿದ್ದು ಏಕೆಂಬುದರ ಉತ್ತರ ಅಲ್ಲೇ ಇತ್ತು.

ಹಾಗೆಂದು ಅಂಗಡಿಯವರೆಲ್ಲ ಸತ್ಯಹರಿಶ್ಚಂದ್ರರೆಂದು ನಾನು ಸರ್ಟಿಫಿಕೇಟು ಕೊಡುತ್ತಿಲ್ಲ. ಏಸಿ ಹಾಕಿದ ಶೋರೂಮುಗಳಲ್ಲಿ ಟೈರು ಕೇಳಲು ಹೋದವನಿಗೆ ಅಲೈನ್‌ಮೆಂಟು, ಕ್ಯಾಂಬರು, ‘ರಿಮ್ ಬೆಂಡಾಗಿದೆ ಸಾರ್’, ಕೊನೆಗೆ ನೈಟ್ರೋಜನ್ನು. ಪುಕ್ಕಟೆ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಉಳಿದಿದ್ದಕ್ಕೆ ಚಕ್ರದ ಲೆಕ್ಕದಲ್ಲಿ ದುಡ್ಡು ತೆರುವವರಿಂದಲೇ ಆ ಏಸಿ ಓಡುತ್ತಿದೆ. ಏರ್ ಗನ್ನಿನಲ್ಲಿ ಗರ್ರೆನ್ನಿಸಿ ನಟ್ಟು ಬಿಗಿದು ಕಳಿಸಿದರೆ ಮುಂದೆ ಪಂಕ್ಚರಾದಾಗ ನಡುರಸ್ತೆಯಲ್ಲಿ ಅದನ್ನು ಸಡಿಲಿಸಲು ಭೀಮಸೇನನೇ ಬರಬೇಕು. ಈ ಒಂದು ವಿಷಯದಲ್ಲಿ ಟಾರ್ಕ್ ರೆಂಚು ಕೊಂಡ ಗೃಹಸ್ಥ ಅಂಗಡಿಯವನಿಗಿಂತ ವಾಸಿ. ಸಣ್ಣ ಕಾರಿನ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರಿನ ಆಸುಪಾಸು ಸಾಕೆಂದು ಅವನಿಗೆ ಗೊತ್ತಿದೆ.

ಆದರೆ ಮೋಸಕ್ಕೆ ಹೆದರಿ ಅವನು ಬೇಸ್‌ಮೆಂಟಿಗೆ ಇಳಿಯಲಿಲ್ಲ. ಫ್ಲಾಟಿನ ರಿಜಿಸ್ಟ್ರೇಷನ್ನಿನಲ್ಲಿ, ಮಗುವಿನ ಸ್ಕೂಲು ಫೀಸಿನಲ್ಲಿ ಇದರ ನೂರುಪಟ್ಟು ಕಳೆದುಕೊಂಡೂ ಅವನು ಸುಮ್ಮನಿದ್ದಾನೆ. ಅವನಿಗೆ ಸಹಿಸಲಾಗದ್ದು ಬೇರೆ: ಗ್ರೀಸು ಮೆತ್ತಿದ ಬನಿಯನ್ನಿನ, ಎಸ್ಸೆಸ್ಸೆಲ್ಸಿ ಮುಟ್ಟದ ಹುಡುಗನೊಬ್ಬ ಪ್ಲಾಸ್ಟಿಕ್ ಸ್ಟೂಲು ತೋರಿಸಿ ‘ಅಲ್ಲಿ ಕೂತ್ಕೊಳ್ಳಿ ಸಾರ್’ ಎನ್ನುವುದು, ತಾನು ಕೂರುವುದು, ಆಮೇಲೆ ಆ ಹುಡುಗ ತನ್ನ ಒಪ್ಪಿಗೆಯನ್ನೇ ಕೇಳದೆ ಕೆಲಸ ಶುರುಮಾಡುವುದು. ಇಡೀ ವಾರ ಹನ್ನೆರಡು ಜನರ ಟೀಮಿಗೆ ಅಪ್ರೂವಲ್ ಕೊಡುವ ಮನುಷ್ಯನಿಗೆ ಹದಿನೈದು ನಿಮಿಷ ಯಾರೂ ಏನೂ ಕೇಳದಿದ್ದರೆ ಹೇಗಾಗಬೇಡ! ಅದಕ್ಕೇ ಅವನು ಹುಡುಗನ ಕೂಲಿಯನ್ನು ಹಾಬಿ ಮಾಡಿಕೊಂಡಿದ್ದಾನೆ. ಹುಡುಗ ಮಾಡಿದರೆ ‘ಲೇಬರ್ ಚಾರ್ಜ್ ಜಾಸ್ತಿಯಾಯ್ತು’, ತಾನು ಮಾಡಿದರೆ ಸ್ಕಿಲ್ಲು.

ಅಂತೂ ನಾಲ್ಕು ಚಕ್ರ ಏರಿದವು. ಎಂಬತ್ತು ದಾಟಿದರೆ ಸ್ಟೀರಿಂಗು ಗಡಗಡ ನಡುಗುತ್ತದೆ. ಬ್ಯಾಲೆನ್ಸಿಂಗ್ ಮೆಷಿನ್ನು ಆನ್‌ಲೈನಿನಲ್ಲಿ ಸಿಗುತ್ತದಾದರೂ ಬಾಲ್ಕನಿಯಲ್ಲಿ ಜಾಗವಿಲ್ಲ. ಕೊನೆಗೆ ಕಾರು ಅದೇ ಬನಿಯನ್ನಿನ ಹುಡುಗನ ಅಂಗಡಿಯ ಮುಂದೆ ನಿಂತಿತು.

ಹುಡುಗ ಸುತ್ತ ಒಂದು ಪ್ರದಕ್ಷಿಣೆ ಬಂದ. ಕೈ ಹಾಕಲೂ ಇಲ್ಲ.

‘ಯಾರ್ ಸಾರ್ ಹಾಕಿದ್ದು? ಈ ಕಡೆ ಎರಡೂ ಉಲ್ಟಾ. ಬಾಣ ನೋಡಿ, ಹಿಂದಕ್ಕಿದೆ.’

‘ಅದು... ಯಾರೋ ಹಾಕಿದ್ರಪ್ಪ.’

‘ಬಿಚ್ಚಿ ಹಾಕ್ಬೇಕು. ಅಲ್ಲಿ ಕೂತ್ಕೊಳ್ಳಿ ಸಾರ್.’

ಗೃಹಸ್ಥ ಕೂರಲಿಲ್ಲ. ಮೊಬೈಲು ಹೊರತೆಗೆದು ಟ್ರೈಪಾಡಿಗೆ ಸಿಕ್ಕಿಸಿದ. ಮೆಷಿನ್ನಿನ ಮೇಲೆ ಟೈರು ತಿರುಗಿತು, ಬೀಡು ಠಪ್ಪೆಂದು ಕೂತಿತು, ಐದೈದು ಗ್ರಾಮಿನ ತುಂಡುಗಳು ರಿಮ್ಮಿನೊಳಗೆ ಅಂಟಿದವು. ಚಕ್ರ ಹಬ್ಬಿಗೆ ಏರುವ ಹೊತ್ತಿಗೆ ಅವನು ತೋಳು ಮಡಚಿ, ಟಾರ್ಕ್ ರೆಂಚು ಹಿಡಿದು ಮುಂದೆ ಬಂದ.

‘ತಮ್ಮಾ, ಸ್ವಲ್ಪ ಆ ಕಡೆ ಸರ್ಕೋ. ಫ್ರೇಮಲ್ಲಿ ಬರ್ತಿದೀಯ.’