ಹೊಗೆಗೊಂದು ಮಾರ್ಕ್ಸ್ ಕಾರ್ಡ್

ಭಾನುವಾರ ಸಂಜೆ ಭಾವ ತಾರಸಿಯ ಮೆಟ್ಟಿಲು ಹತ್ತಿದರೆಂದರೆ ಅಕ್ಕ ಹಿಂದೆಯೇ ಓಡಿ ಒಣಹಾಕಿದ ಬಟ್ಟೆಯನ್ನೆಲ್ಲ ಬಾಚಿಕೊಂಡು ಬರುತ್ತಾಳೆ. ಎದುರುಮನೆಯವರು ಆಕಾಶ ನೋಡುತ್ತಾರೆ. ಮಳೆಯಿಲ್ಲ, ಮೋಡವಿಲ್ಲ. ಭಾವ ಸಿಗಾರ್ ಹೊತ್ತಿಸುವ ಮುಹೂರ್ತ, ಅಷ್ಟೇ.

ಎರಡು ವರ್ಷದ ಹಿಂದೆ ಆಫೀಸಿನ ಕೆಲಸಕ್ಕೆ ದುಬೈಗೆ ಹೋಗಿ ಬಂದಾಗ ಮೆಟ್ಟಿಕೊಂಡ ಗಾಳಿಯಿದು. ಅಲ್ಲಿಯವರೆಗೆ ಸಾರಿಗೆ ಉಪ್ಪು ಮರೆತಿದ್ದರೂ ಗೊತ್ತಾಗದೆ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ ನಾಲಿಗೆ ಅದು. ಈಗ ಅದಕ್ಕೆ ಒಂದೇ ದಮ್ಮಿನಲ್ಲಿ ಕೋಕೋ, ಕಾಳುಮೆಣಸು, ಹಳೆಯ ಚರ್ಮ, ಒಣಹುಲ್ಲು ಎಲ್ಲ ಬೇರೆಬೇರೆಯಾಗಿ ಸಿಗುತ್ತವೆ. ಒಮ್ಮೆ ಕಣ್ಣು ಮುಚ್ಚಿಕೊಂಡು, “ಹಿಂದೆ ಎಲ್ಲೋ ಸಣ್ಣದಾಗಿ ಕೊಟ್ಟಿಗೆ ಇದೆ” ಎಂದರು. “ಕೊಟ್ಟಿಗೆ ವಾಸನೆ ಬೇಕಿದ್ರೆ ನಮ್ಮೂರಲ್ಲಿ ಪುಕ್ಕಟೆ ಸಿಗ್ತಿತ್ತಲ್ರೀ” ಎಂದಳು ಅಕ್ಕ.

ಸಿಗಾರ್‌ಗಳಿಗೆ ಸೀಡರ್ ಮರದ ಪೆಟ್ಟಿಗೆಯಿದೆ. ಒಳಗಿನ ತೇವ ಶೇ. 65ರಿಂದ 70ರ ಮಧ್ಯೆ ಇರಬೇಕು. ಕಡಿಮೆಯಾದರೆ ಎಲೆ ಬಿರಿಯುತ್ತದೆ, ಹೆಚ್ಚಾದರೆ ಬೂಸ್ಟು. ಮಗನ ಜ್ವರವನ್ನು ಹಣೆ ಮುಟ್ಟಿ ತೀರ್ಮಾನಿಸುವ ಭಾವ ಇದಕ್ಕೆ ಡಿಜಿಟಲ್ ಮೀಟರ್ ತಂದಿಟ್ಟಿದ್ದಾರೆ.

ಕಡ್ಡಿ ಗೀರುವ ಮೊದಲು ಅರ್ಧ ಗಂಟೆ ಪ್ರವಚನ. ಕ್ಯೂಬಾದ ಪಿನಾರ್ ದೆಲ್ ರಿಯೊದ ಕೆಂಪುಮಣ್ಣು. ಒಳಗೆ ಹೂರಣದೆಲೆ, ಅದನ್ನು ಹಿಡಿದಿಡುವ ಕಟ್ಟೆಲೆ, ಮೇಲೆ ಹೊದಿಕೆಯೆಲೆ. ದಪ್ಪವನ್ನು ಅಂಗುಲದ 64ನೇ ಭಾಗದಲ್ಲಿ ಅಳೆಯುತ್ತಾರೆ. 50 ಅಂದರೆ ಎರಡು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಅಲ್ಲಿನ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವವರಿಗೆ ಬೇಸರವಾಗದಿರಲೆಂದು ಒಬ್ಬರು ಎತ್ತರದಲ್ಲಿ ಕೂತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುತ್ತಾರಂತೆ. ಡ್ಯೂಮಾನ ಕಾದಂಬರಿ ಕೆಲಸಗಾರರಿಗೆ ಹಿಡಿಸಿಯೇ 1935ರಲ್ಲಿ ಬಂದ ಸಿಗಾರ್‌ಗೆ ಮಾಂಟೆಕ್ರಿಸ್ಟೊ ಎಂಬ ಹೆಸರಾಯಿತಂತೆ. ಅಲ್ಲಿ ಸುತ್ತುವವರು ಕತೆ ಕೇಳುತ್ತಾರೆ. ಇಲ್ಲಿ ಕತೆ ಕೇಳುವ ನಮಗೆ ತಲೆ ಸುತ್ತುತ್ತದೆ.

ಮೊನ್ನೆಯ ಭಾನುವಾರ ಮಾತ್ರ ನಿಜವಾದ ಪರೀಕ್ಷೆ. ದುಬೈಯಿಂದ ಬರಲಿದ್ದ ಸ್ನೇಹಿತರು 25ರ ಒಂದು ಬಾಕ್ಸ್ ತರಲೇ ಎಂದು ಕೇಳಿದ್ದರು. ಸ್ಯಾಂಪಲ್ಲಿಗೆ ಅದೇ ಬಗೆಯ ಒಂದು ರೊಬಸ್ಟೊ ಸಿಗಾರ್ ಮನೆಯಲ್ಲಿತ್ತು. ಅದೇ ಹೊತ್ತಿಗೆ ಪಿರಿಯಾಪಟ್ಟಣದಿಂದ ನಮ್ಮ ಸೋದರಮಾವ ಬಂದಿಳಿದರು. ನಲವತ್ತು ವರ್ಷ ಹೊಗೆಸೊಪ್ಪು ಬೆಳೆದವರು; ಒಂದು ದಿನವೂ ಸೇದಿದವರಲ್ಲ.

“ಏನ್ ಅಳಿಯಂದ್ರೇ, ಈ ಸುರುಟು ಇಷ್ಟು ಕರ್ರಗಿದೆ? ಎಲೆ ಬೇಯಿಸೋ ಬ್ಯಾರನ್‌ನಲ್ಲಿ ಸೀದೋಯ್ತಾ?”

“ಸುರುಟಲ್ಲ ಮಾವ, ಸಿಗಾರ್!” ಇಂಗ್ಲಿಷರ ಚೆರೂಟು ತಮಿಳಿನ ಸುರುಟ್ಟಿನಿಂದಲೇ ಹಡಗು ಹತ್ತಿದ ಮಾತು ಎನ್ನಲು ಹೊರಟಿದ್ದೆ. ಭಾವನ ಮುಖ ನೋಡಿ ಸುಮ್ಮನಾದೆ.

ಮಾವನ ಲೆಕ್ಕ ಸರಿಯೇ. ಅವರ ಹರಾಜುಕಟ್ಟೆಯಲ್ಲಿ ಹಳದಿ ಎಲೆಗೆ ಬೆಲೆ. ಕಪ್ಪಾದ ಬೇಲಿನ ಮುಂದೆ ಯಾರೂ ನಿಲ್ಲುವುದಿಲ್ಲ. ಸಿಗಾರ್ ಎಲೆಯನ್ನು ಬೆಂಕಿಯಲ್ಲಿ ಬೇಯಿಸುವುದಿಲ್ಲ, ಗಾಳಿಗೆ ತೂಗುಹಾಕಿ ಒಣಗಿಸಿ, ರಾಶಿ ಹಾಕಿ ಹುದುಗಿಸಿ, ವರ್ಷಗಟ್ಟಲೆ ಮಾಗಿಸುತ್ತಾರೆ ಎಂದು ಭಾವ ವಿವರಿಸಿದರು. ಮಾವ ತಲೆದೂಗಿದರು. “ನಮ್ದು ಸೌದೆ ಉರಿಸಿದ್ರೆ ವಾರದಲ್ಲಿ ಹದ. ಬಡ್ಡಿ ಕಾಯಲ್ವಲ್ಲ, ವರ್ಷಗಟ್ಟಲೆ ಇಟ್ಕೊಂಡು ಕೂರಕ್ಕೆ.”

ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಸಿಗಾರನ್ನು ಉದ್ದಕ್ಕೂ ಹೊರಳಿಸಿದರು, ತುದಿ ಮೂಸಿದರು. “ಎಲೆ ಒಳ್ಳೇದು. ಸುತ್ತಿದ ಕೈನೂ ಪಳಗಿದ್ದೇ. ತಲೆ ಹತ್ರ ಗಂಟಾಗಿದೆ, ಹೊಗೆ ಎಳೆಯಲ್ಲ ನೋಡಿ. ಎಷ್ಟಿದಕ್ಕೆ?”

“ಮೂರು ಸಾವಿರ.”

“ಕಟ್ಟಿಗಾ?”

“ಒಂದಕ್ಕೆ.”

ಅಕ್ಕ ಕೇಕ್ ಹಿಟ್ಟು ತೂಗುವ ಸ್ಕೇಲನ್ನು ತಾನಾಗಿಯೇ ತಂದಿಟ್ಟಳು. 12 ಗ್ರಾಂ. ಕಿಲೋಗೆ ಎರಡೂವರೆ ಲಕ್ಷ. ಮಾವ ನೀರಿನ ಟ್ಯಾಂಕಿಗೊರಗಿ ಕುಳಿತುಬಿಟ್ಟರು. “ಮುಂದಿನ ವರ್ಷ ನಮ್ಮ ಬೇಲ್‌ಗೆ ನೀವೇ ಬಂದು ಹರಾಜು ಕೂಗಿ, ಅಳಿಯಂದ್ರೆ.”

ಭಾವ ಸಿಗಾರಿನ ತಲೆಯ ಟೋಪಿ ಕತ್ತರಿಸಿ, ಜ್ವಾಲೆ ತಾಗದಂತೆ ತುದಿಯನ್ನು ಕಾಯಿಸಿ ಹೊತ್ತಿಸಿದರು. ಸಿಗಾರ್ ಹೊಗೆಯನ್ನು ನುಂಗಬಾರದು, ಬಾಯಲ್ಲಿ ಆಡಿಸಿ ಬಿಡಬೇಕು. ಮೂರು ಭಾಗ ಮಾಡಿ ಒಂದೊಂದನ್ನೂ ಬೇರೆಯಾಗಿ ಸವಿದು ಅಂಕ ಕೊಡಬೇಕು. ಮಾವ ಹೇಳಿದಂತೆ ಹೊಗೆ ಎಳೆಯಲಿಲ್ಲ. ಕೆನ್ನೆ ಗುಳಿಬೀಳುವಷ್ಟು ಎಳೆದರು. “ಬಿಗಿಯಾಗಿದೆ ಅಂದ್ರೆ ಸಂಯಮ ಇದೆ ಅಂತ” ಎಂದು ನೋಟ್‌ಬುಕ್ಕಿನಲ್ಲಿ 84 ಬರೆದರು. ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಮಾತು ನಿಂತಿತು. ಹಣೆಯಲ್ಲಿ ಬೆವರು, ತುಟಿ ಬಿಳುಚು. ರುಚಿ ಕೆಡಬಾರದೆಂದು ಮಧ್ಯಾಹ್ನ ಊಟ ಬಿಟ್ಟಿದ್ದರಂತೆ.

“ಹಸಿ ಎಲೆ ಮುರಿಯೋಕೆ ಹೊಸದಾಗಿ ಬಂದ ಆಳಿಗೂ ಹಿಂಗೇ ಆಯ್ತದೆ” ಎಂದ ಮಾವ, ಅಕ್ಕನಿಂದ ಒಂದು ಅಚ್ಚುಬೆಲ್ಲ ತರಿಸಿ ಭಾವನ ಬಾಯಿಗೆ ತುರುಕಿದರು. ಹತ್ತು ನಿಮಿಷಕ್ಕೆ ಮುಖಕ್ಕೆ ರಕ್ತ ಬಂತು. ಇನ್ನು ಬಾಕ್ಸಿನ ಮಾತು ಮುಗಿಯಿತೆಂದು ಅಕ್ಕ ನೆಮ್ಮದಿಯಿಂದ ಸ್ಕೇಲು ಒರೆಸತೊಡಗಿದಳು.

ಭಾವ ಬೆಲ್ಲ ಚೀಪುತ್ತಲೇ ನಂದುತ್ತಿದ್ದ ಸಿಗಾರ್ ಎತ್ತಿಕೊಂಡು ಕೊನೆಯ ದಮ್ಮು ಎಳೆದರು. ಕಣ್ಣು ತಾನಾಗಿ ಮುಚ್ಚಿತು.

“ಆಹಾ! ಮೂರನೇ ಭಾಗದಲ್ಲಿ ಬೆಲ್ಲದ ಛಾಯೆ! ಇದನ್ನ ಇದುವರೆಗೂ ಯಾರೂ ಗುರುತಿಸಿಲ್ಲ!”

84 ಹೊಡೆದುಹಾಕಿ 93 ಬರೆದರು. ಫೋನು ಕೈಗೆ ಬಂತು. “ಒಂದಲ್ಲ, ಎರಡು ಬಾಕ್ಸ್ ತನ್ನಿ.”